ಅಂಕಣದಿಂದ ಕೊಠಡಿಗೆ: ಕರ್ನಾಟಕದ ಗ್ರಾಮೀಣ ಮನೆಯ ಒಳ ಅಳತೆಗಳ ಚರಿತ್ರೆ

ಕರ್ನಾಟಕದ ಜಾನಪದ ಅಧ್ಯಯನದಲ್ಲಿ ಹಾಡು, ಕಥೆ, ಗಾದೆ, ಆಚರಣೆಗಳಿಗೆ ದೊರೆತಷ್ಟು ಮನ್ನಣೆ ವಸ್ತು ಸಂಸ್ಕೃತಿಗೆ ದೊರೆತಿಲ್ಲ. ವಸ್ತು ಸಂಸ್ಕೃತಿಯಲ್ಲಿಯೂ ಉಡುಗೆ, ಆಭರಣ, ಬೇಸಾಯದ ಸಲಕರಣೆ, ಅಡುಗೆಯ ಪಾತ್ರೆಗಳು ಸಂಗ್ರಹಾಲಯಗಳನ್ನು ಸೇರಿವೆ; ಮನೆ ಅಷ್ಟು ಸುಲಭವಾಗಿ ಸೇರಲಾರದು. ಸೇರಿದಾಗಲೂ ಅದು ಬಹುಮಟ್ಟಿಗೆ ತೊಟ್ಟಿಮನೆ, ವಾಡೆ, ಗುತ್ತಿನ ಮನೆ, ಐನ್‌ಮನೆಗಳಂಥ ದೊಡ್ಡ ಮನೆಯೇ ಆಗಿರುತ್ತದೆ. ಅಂಥ ಮನೆಗಳ ಕಂಬದ ಕೆತ್ತನೆ, ಬಾಗಿಲವಾಡದ ಕುಸುರಿಯ ಬಗ್ಗೆ ವಿವರಗಳು ಸಿಗುತ್ತವೆ. ಆದರೆ ಒಂದು ಕುಟುಂಬ ಉಣ್ಣುತ್ತಿದ್ದ, ಮಲಗುತ್ತಿದ್ದ, ಹೆರುತ್ತಿದ್ದ, ಕಾಳು ತುಂಬಿಡುತ್ತಿದ್ದ ಸ್ಥಳ ಎಷ್ಟು ಉದ್ದ, ಎಷ್ಟು ಅಗಲವಿತ್ತು, ಆ ಅಳತೆ ಯಾವ ಕಾರಣದಿಂದ ಬಂತು ಎಂಬ ಪ್ರಶ್ನೆ ಹಿಂದೆ ಉಳಿದಿದೆ. ಕರ್ನಾಟಕದ ಗ್ರಾಮೀಣ ಮನೆಯ ಒಳ ಅಳತೆಗಳು ಹೇಗೆ ರೂಪುಗೊಂಡವು, ‘ಅಂಕಣ’ವೆಂಬ ಎಣಿಕೆ ಹೋಗಿ ‘ಕೊಠಡಿ’ಯೆಂಬ ಎಣಿಕೆ ಬಂದಾಗ ಏನು ಬದಲಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆರಂಭದಲ್ಲಿಯೇ ಭಾಷೆಯ ಒಂದು ಸಂಗತಿಯನ್ನು ಗಮನಿಸಬೇಕು. ಕನ್ನಡದಲ್ಲಿ ಮನೆಯ ಒಳಭಾಗಗಳಿಗೂ ‘ಮನೆ’ ಎಂಬ ಹೆಸರೇ ಇದೆ: ನಡುಮನೆ, ಅಡುಗೆಮನೆ, ದೇವರಮನೆ, ಬಚ್ಚಲುಮನೆ. ದಕ್ಷಿಣದ ಬಯಲುಸೀಮೆಯಲ್ಲಿ ‘ಕೋಣೆ’ ಎಂದರೆ ಮನೆಯ ಎಲ್ಲ ಭಾಗಗಳಿಗೂ ಸಲ್ಲುವ ಸಾಮಾನ್ಯ ಹೆಸರಲ್ಲ. ಕಾಳುಕಡ್ಡಿ, ಪೆಟ್ಟಿಗೆ, ಬಟ್ಟೆಬರೆ ಇಡುವ, ಬಾಣಂತಿಯನ್ನು ಮಲಗಿಸುವ, ಗೋಡೆ ಬಾಗಿಲುಗಳಿಂದ ಮುಚ್ಚಿದ ಒಳಭಾಗಕ್ಕೆ ಮಾತ್ರ ಅದು ಸಲ್ಲುತ್ತದೆ. ಜಗಲಿ, ಪಡಸಾಲೆ, ಚಾವಡಿ, ಹಜಾರ, ಕೊಟ್ಟಿಗೆ, ಅಟ್ಟ ಇವು ಯಾವುವೂ ಕೋಣೆಗಳಲ್ಲ. ಆದ್ದರಿಂದ ‘ಈ ಮನೆಯಲ್ಲಿ ಎಷ್ಟು ಕೋಣೆಗಳಿವೆ?’ ಎಂಬ ಪ್ರಶ್ನೆ ಹಳೆಯ ಗ್ರಾಮೀಣ ಮನೆಯ ಮಟ್ಟಿಗೆ ಸಹಜವಾದುದಲ್ಲ. ‘ಎಷ್ಟು ಅಂಕಣದ ಮನೆ?’ ಎಂಬುದೇ ಅಲ್ಲಿನ ಪ್ರಶ್ನೆ.

ಮರ ನಿರ್ಧರಿಸಿದ ಅಳತೆ

ಎರಡು ತೊಲೆಗಳ ನಡುವಣ, ಇಲ್ಲವೇ ಕಂಬದಿಂದ ಕಂಬಕ್ಕೆ ಇರುವ ಸ್ಥಳವೇ ಅಂಕಣ. ಉತ್ತರ ಕರ್ನಾಟಕದ ಕೆಲವು ಭಾಗಗಳಲ್ಲಿ ಇದೇ ಅರ್ಥದಲ್ಲಿ ‘ಖಣ’ ಎಂಬ ಮಾತು ಬಳಕೆಯಲ್ಲಿದೆ. ಮರಾಠಿಯೊಂದಿಗೂ ಈ ಮಾತಿಗೆ ಸಂಬಂಧವಿದೆ. ತೆಲುಗಿನ ‘ಅಂಕಣಂ’ ಕೆಲವು ಜಿಲ್ಲೆಗಳಲ್ಲಿ ನಿವೇಶನದ ವಿಸ್ತೀರ್ಣದ ಮಾನವಾಗಿಯೂ ಬಳಕೆಯಾಗುತ್ತದೆ. ಅಂಕಣ ಮನೆಗೆ ಮಾತ್ರ ಸೀಮಿತವಾದ ಕಲ್ಪನೆಯಲ್ಲ. ದೇವಾಲಯದ ನವರಂಗವೆಂದರೆ ನಡುವಣ ನಾಲ್ಕು ಕಂಬಗಳಿಂದ ಒಂಬತ್ತು ಅಂಕಣಗಳಾಗಿ ವಿಭಾಗಗೊಂಡ ಮಂಟಪ. ಕಲ್ಲಿನಲ್ಲಿ ಕಟ್ಟಿದ ಗುಡಿಯೂ ಮರ ಮಣ್ಣುಗಳಲ್ಲಿ ಕಟ್ಟಿದ ಮನೆಯೂ ಒಂದೇ ಎಣಿಕೆಯನ್ನು ಅನುಸರಿಸಿದುದು ಇದರಿಂದ ಸ್ಪಷ್ಟವಾಗುತ್ತದೆ.

ಅಂಕಣದ ಗಾತ್ರವನ್ನು ಗೊತ್ತುಪಡಿಸಿದುದು ಮನೆಯೊಡೆಯನ ಇಚ್ಛೆಗಿಂತ ಹೆಚ್ಚಾಗಿ ಮರ. ಬಳ್ಳಾರಿ, ಚಿತ್ರದುರ್ಗ, ರಾಯಚೂರು, ವಿಜಯಪುರಗಳಂಥ ಒಣ ಸೀಮೆಯ ಮಾಳಿಗೆ ಮನೆಯನ್ನು ಉದಾಹರಣೆಯಾಗಿ ನೋಡಬಹುದು. ಕಂಬಗಳ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗಳ ಮೇಲೆ ಅಡ್ಡಲಾಗಿ ಜಂತೆ, ಜಂತೆಗಳ ಮೇಲೆ ಸೀಳುಕಟ್ಟಿಗೆ ಮತ್ತು ಸೊಪ್ಪು, ಅದರ ಮೇಲೆ ಮಣ್ಣು, ಕೊನೆಗೆ ನೀರು ಇಳಿಯದಂತೆ ಕರ್ಲುಮಣ್ಣಿನ ಹೊದಿಕೆ: ಇದು ಅದರ ಕ್ರಮ. ಒಂಬತ್ತು ಅಡಿ ಚೌಕದ ಒಂದು ಅಂಕಣದ ಮೇಲೆ ಒಂದು ಅಡಿ ದಪ್ಪ ಮಣ್ಣು ಇದೆಯೆಂದು ಭಾವಿಸಿದರೆ, ಮರದ ತೂಕವನ್ನು ಬಿಟ್ಟು ಮಣ್ಣಿನ ಭಾರವೇ ಸುಮಾರು ಮೂರೂವರೆ ಟನ್ನಿನಷ್ಟಾಗುತ್ತದೆ. ಮಳೆಯಲ್ಲಿ ನೆನೆದಾಗ ಅದು ಇನ್ನೂ ಹೆಚ್ಚುತ್ತದೆ. ಕಂಬಗಳ ಅಂತರವನ್ನು ಒಂದೂವರೆ ಪಟ್ಟು ಮಾಡಿದರೆ ತೊಲೆಯ ಪ್ರತಿ ಅಡಿಯ ಮೇಲಿನ ಭಾರ ಅಷ್ಟೇ ಇದ್ದರೂ ಅದನ್ನು ಬಾಗಿಸುವ ಒತ್ತಡ ಎರಡೂಕಾಲು ಪಟ್ಟಾಗುತ್ತದೆ. ಒಣ ಸೀಮೆಯಲ್ಲಿ ಕೈಗೆ ಸಿಗುತ್ತಿದ್ದ ಬೇವು, ಜಾಲಿಗಳಲ್ಲಿ ನೇರವಾದ ಉದ್ದ ತೊಲೆ ದೊರೆಯುವುದು ಕಷ್ಟ. ಹಾಗಾಗಿ ಅಂಕಣವನ್ನು ಹಿಗ್ಗಿಸುವ ಬದಲು ಅಂಕಣಗಳ ಸಂಖ್ಯೆಯನ್ನು ಹೆಚ್ಚಿಸುವುದೇ ಕಟ್ಟುವವರಿಗೆ ಉಳಿದ ದಾರಿಯಾಗಿತ್ತು. ಬಡವನ ಮನೆಗೂ ಸಿರಿವಂತನ ಮನೆಗೂ ಇದ್ದ ವ್ಯತ್ಯಾಸ ಅಂಕಣದ ಅಗಲದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅಂಕಣಗಳ ಎಣಿಕೆಯಲ್ಲಿ ಕಾಣುತ್ತದೆ.

ಮಲೆನಾಡು ಮತ್ತು ಕರಾವಳಿಗಳಲ್ಲಿ ಸ್ಥಿತಿ ಬೇರೆ. ಅಲ್ಲಿ ಹಲಸು, ಮತ್ತಿ, ತೇಗಗಳಂಥ ಒಳ್ಳೆಯ ಮರ ದೊರೆಯುತ್ತಿತ್ತು. ಮಳೆಯ ಕಾರಣದಿಂದ ಮಾಡು ಇಳಿಜಾರಾಗಿ, ಹುಲ್ಲು ಅಥವಾ ಹೆಂಚಿನ ಹೊದಿಕೆಯಿಂದ ಹಗುರವಾಗಿತ್ತು. ಆದ್ದರಿಂದ ಉದ್ದನೆಯ ಜಗಲಿ, ವಿಶಾಲವಾದ ಚಾವಡಿಗಳು ಅಲ್ಲಿ ಸಾಧ್ಯವಾದವು. ಕೊಡಗಿನ ಐನ್‌ಮನೆಯಲ್ಲಿ ಒಂದು ಒಕ್ಕದವರೆಲ್ಲ ಕೂಡುವ ನಡುಬಾಡೆಗೆ ದೊರೆತ ಪ್ರಾಶಸ್ತ್ಯವನ್ನೂ ಇಲ್ಲಿ ನೆನೆಯಬಹುದು. ಒಳ ಅಳತೆಯ ಚರಿತ್ರೆ ಎಲ್ಲ ಸೀಮೆಗಳಿಗೂ ಒಂದೇ ಅಲ್ಲ ಎಂಬುದಕ್ಕೆ ಈ ವ್ಯತ್ಯಾಸವೇ ಸಾಕ್ಷಿ.

ಮೊಳ ಮತ್ತು ಆಯ

ಅಂಕಣ ಎಣಿಕೆಯ ಮಾನವಾದರೆ ಮೊಳ ಅಳತೆಯ ಮಾನ. ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಉದ್ದವೇ ಮೊಳ. ಎರಡು ಗೇಣಿಗೆ ಒಂದು ಮೊಳ, ಇಪ್ಪತ್ತನಾಲ್ಕು ಅಂಗುಲಕ್ಕೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ಇಂದಿನ ಲೆಕ್ಕದಲ್ಲಿ ಮೊಳವೆಂದರೆ ಸುಮಾರು ಒಂದೂವರೆ ಅಡಿ. ಶಾಸನಗಳಲ್ಲಿ ಮನೆ ಮತ್ತು ಮನೆಯ ನಿವೇಶನಗಳನ್ನು ದತ್ತಿ ಬಿಟ್ಟ ಉಲ್ಲೇಖಗಳು ಹೇರಳವಾಗಿವೆ. ಮನೆದೆರೆಯ ಪ್ರಸ್ತಾಪವೂ ಉಂಟು. ಆದರೆ ಶಾಸನದ ಆಸಕ್ತಿ ಸಾಮಾನ್ಯವಾಗಿ ನೆಲದ ಎಲ್ಲೆಯಲ್ಲಿ, ತೆರಿಗೆಯಲ್ಲಿ, ಒಡೆತನದಲ್ಲಿ. ಮನೆಯ ಒಳಗಿನ ಅಳತೆ ಶಾಸನಕಾರನ ಕೈಯಲ್ಲಿರಲಿಲ್ಲ. ಅದು ಬಡಗಿ, ಒಡ್ಡ, ಉಪ್ಪಾರರ ಕೈಯಲ್ಲಿ, ಬಾಯಿಮಾತಿನ ಪರಂಪರೆಯಲ್ಲಿ ಉಳಿಯಿತು.

ಈ ಬಾಯಿಮಾತಿನ ಪರಂಪರೆಯೂ ಸಂಸ್ಕೃತದ ವಾಸ್ತು ಗ್ರಂಥಗಳೂ ಕೂಡುವ ಸ್ಥಳ ‘ಆಯ’. ಉದ್ದ ಅಗಲಗಳನ್ನು ಗುಣಿಸಿ, ಬಂದ ಕ್ಷೇತ್ರಫಲವನ್ನು ಒಂಬತ್ತರಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಉಳಿಯುವ ಶೇಷವೇ ಆಯ ಎಂಬುದು ಪ್ರಚಲಿತ ಕ್ರಮಗಳಲ್ಲೊಂದು. ಶೇಷ ಒಂದಾದರೆ ಧ್ವಜ, ಎರಡಾದರೆ ಧೂಮ, ಮೂರಾದರೆ ಸಿಂಹ, ನಾಲ್ಕಾದರೆ ಶ್ವಾನ, ಐದಾದರೆ ವೃಷಭ, ಆರಾದರೆ ಖರ, ಏಳಾದರೆ ಗಜ, ಶೇಷವಿಲ್ಲದಿದ್ದರೆ ಕಾಕ. ಬೆಸ ಸಂಖ್ಯೆಯ ಧ್ವಜ, ಸಿಂಹ, ವೃಷಭ, ಗಜಗಳು ಶುಭ. ಉಳಿದ ನಾಲ್ಕು ಅಶುಭ. ಆಯವನ್ನು ನೋಡುತ್ತಿದ್ದುದು ಒಂದೊಂದು ಅಂಕಣಕ್ಕಲ್ಲ, ಇಡೀ ಮನೆಗೆ ಅಥವಾ ಅದರ ಮುಖ್ಯ ಭಾಗಕ್ಕೆ. ಯಜಮಾನನ ಕೈಯ ಮೊಳವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವ ರೂಢಿಯೂ ಇತ್ತು.

ಈ ಲೆಕ್ಕವನ್ನು ಬಿಡಿಸಿ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಒಂಬತ್ತನ್ನು ಎಂಟರಿಂದ ಭಾಗಿಸಿದರೆ ಒಂದು ಉಳಿಯುವುದರಿಂದ, ಅಳತೆ ಪೂರ್ಣ ಮೊಳಗಳಲ್ಲಿದ್ದಾಗ ಒಂಬತ್ತರ ಗುಣಾಕಾರದಿಂದ ಶೇಷ ಬದಲಾಗುವುದಿಲ್ಲ. ಶೇಷ ಬೆಸವಾಗಬೇಕಾದರೆ ಕ್ಷೇತ್ರಫಲ ಬೆಸವಾಗಬೇಕು. ಕ್ಷೇತ್ರಫಲ ಬೆಸವಾಗಬೇಕಾದರೆ ಉದ್ದ ಅಗಲಗಳೆರಡೂ ಬೆಸವಾಗಬೇಕು. ಐದು ಮೊಳ ಅಗಲ ಏಳು ಮೊಳ ಉದ್ದಕ್ಕೆ ಸಿಂಹಾಯ, ಏಳು ಒಂಬತ್ತಕ್ಕೆ ಗಜಾಯ, ಏಳು ಏಳಕ್ಕೆ ಧ್ವಜಾಯ. ಆರು ಏಳಕ್ಕೆ ಧೂಮ, ಆರು ಎಂಟಕ್ಕೆ ಕಾಕ. ಎಂದರೆ, ಎರಡು ಬದಿಯೂ ಬೆಸ ಮೊಳವಿರಲಿ ಎಂಬ ಒಂದೇ ಮಾತನ್ನು ನೆನಪಿಟ್ಟರೆ ಗುಣಾಕಾರ ಭಾಗಾಕಾರ ಬಾರದ ಕುಶಲಕರ್ಮಿಯೂ ಶುಭಾಯದ ಮನೆಯನ್ನು ಕಟ್ಟಬಲ್ಲ. ಬರಹದ ಶಾಸ್ತ್ರವೂ ಕೈಗೆಲಸದವರ ನೆನಪೂ ಇಲ್ಲಿ ಒಂದೇ ಫಲವನ್ನು ಕೊಡುತ್ತವೆ. ಬೆಸ ಮೊಳದ ಅಳತೆಯನ್ನು ಕೇವಲ ನಂಬಿಕೆಯೆಂದು ಬದಿಗಿಟ್ಟರೆ, ಅಕ್ಷರ ಬಾರದವರು ಅಳತೆಯನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಲು ಇದ್ದ ಒಂದು ಉಪಾಯವನ್ನೂ ಬದಿಗಿಟ್ಟಂತಾಗುತ್ತದೆ.

ಬಳಕೆಯ ಅಳತೆ

ಮನೆಯ ಭಾಗಗಳ ಗಾತ್ರವನ್ನು ನೆಲದ ವಿಸ್ತೀರ್ಣದಿಂದ ಮಾತ್ರ ತಿಳಿಯಲಾಗದು. ಪಡಸಾಲೆ ಸಾಮಾನ್ಯವಾಗಿ ಮನೆಯ ಅತಿ ದೊಡ್ಡ ಭಾಗ. ಎರಡು ಮೂರು ಅಂಕಣ ಅದಕ್ಕೇ ಮೀಸಲು. ಹಗಲು ಅದು ಕೆಲಸದ ಮತ್ತು ನೆಂಟರ ಸ್ಥಳ, ರಾತ್ರಿ ಗಂಡಸರು ಮಲಗುವ ಸ್ಥಳ, ಸುಗ್ಗಿಯಲ್ಲಿ ಕಾಳಿನ ರಾಶಿಯ ಸ್ಥಳ, ಮದುವೆಯಲ್ಲಿ ಹಸೆಯ ಸ್ಥಳ. ಇಳಕಲ್ಲು, ಗುಳೇದಗುಡ್ಡಗಳಂಥ ನೇಕಾರಿಕೆಯ ಊರುಗಳಲ್ಲಿ ಕುಣಿಮಗ್ಗ ಮನೆಯೊಳಗಿನ ನೆಲವನ್ನೇ ಆಕ್ರಮಿಸಿರುತ್ತದೆ. ರಾಮನಗರ, ಕೋಲಾರ ಸೀಮೆಗಳಲ್ಲಿ ರೇಷ್ಮೆಹುಳು ಮನೆಯೊಳಗೆ ಸಾಕುತ್ತಿದ್ದಾಗ, ಆರು ಅಡಿ ಉದ್ದ ನಾಲ್ಕು ಅಡಿ ಅಗಲದ ಚಂದ್ರಿಕೆಗಳು ನಡುಮನೆಯನ್ನು ತುಂಬಿದ ದಿನಗಳಲ್ಲಿ ಮನೆಮಂದಿ ಒಂದು ಮೂಲೆಗೆ ಸರಿಯುತ್ತಿದ್ದರು. ಉತ್ತರದ ಮಾಳಿಗೆ ಮನೆಯಲ್ಲಿ ತಲಬಾಗಿಲು ದಾಟಿದ ಕೂಡಲೇ ದನಗಳ ಹಕ್ಕೆ, ಅದರಿಂದ ಎರಡು ಮೂರು ಅಡಿ ಎತ್ತರದ ಕಟ್ಟೆಯ ಮೇಲೆ ಪಡಸಾಲೆ. ಒಂದೇ ಮಾಡಿನ ಕೆಳಗೆ ದನಕ್ಕೂ ಜನಕ್ಕೂ ಪಾಲು. ಅವೆರಡನ್ನೂ ಬೇರ್ಪಡಿಸುವುದು ಗೋಡೆಯಲ್ಲ, ನೆಲದ ಎತ್ತರ.

ನೆಲವನ್ನು ಖಾಲಿಯಿಡಲು ಗೋಡೆ ಮತ್ತು ಮಾಡುಗಳನ್ನು ಬಳಸಿದ ಬಗೆಯೂ ಗಮನಾರ್ಹ. ದೀಪಕ್ಕೆ ಗೋಡೆಯ ಗೂಡು, ಹಾಲು ಮೊಸರಿಗೆ ತೂಗುವ ನೆಲುವು, ಬಟ್ಟೆಗೆ ಅಡ್ಡಗಳ, ಸೌದೆ ಮತ್ತು ಕಾಯಿಗೆ ಅಟ್ಟ, ಕಾಳಿಗೆ ನೆಲದೊಳಗಿನ ಹಗೇವು. ಅಡುಗೆಮನೆಗೂ ನಡುಮನೆಗೂ ನಡುವೆ ಮಾಡನ್ನು ಮುಟ್ಟದ ಅಡ್ಡಗೋಡೆ. ‘ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ’ ಎಂಬ ಗಾದೆಯನ್ನು ಇಂದು ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಮಾತಿಗೆ ಬಳಸಲಾಗುತ್ತದೆ. ಆದರೆ ಅದರ ಮೂಲದಲ್ಲಿರುವುದು ಎಣ್ಣೆಯ ಉಳಿತಾಯದ ಒಂದು ಮನೆವಾರ್ತೆ: ಒಂದು ಹಣತೆಯಿಂದ ಎರಡು ಸ್ಥಳಕ್ಕೆ ಬೆಳಕು. ಮನೆಯ ಒಳರಚನೆ ಮರೆತುಹೋದಾಗ ಗಾದೆಯ ಅರ್ಧ ಅರ್ಥವೂ ಮರೆತುಹೋಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಆದರೆ ಹಳೆಯ ಮನೆಯನ್ನು ವೈಭವೀಕರಿಸುವುದು ಚರಿತ್ರೆಗೆ ಸಲ್ಲದು. ಒಲೆಯ ಹೊಗೆ ತುಂಬಿದ, ಬೆಳಕಿಂಡಿಯೊಂದರ ಹೊರತು ಗಾಳಿ ಬೆಳಕಿಲ್ಲದ ಅಡುಗೆಮನೆಯಲ್ಲಿ ಹೆಣ್ಣುಮಕ್ಕಳು ದಿನದ ಬಹುಭಾಗವನ್ನು ಕಳೆದರು. ಮುಟ್ಟಾದವರಿಗೆ ಮನೆಯ ಹೊರಭಾಗವೇ ಗತಿಯಾಗಿತ್ತು. ಜಗಲಿ, ಪಡಸಾಲೆ, ನಡುಮನೆ ಎಂಬ ಕ್ರಮ ಕೇವಲ ಕಟ್ಟಡದ ಕ್ರಮವಲ್ಲ. ಯಾವ ಜಾತಿಯವರು ಎಷ್ಟು ಒಳಗೆ ಬರಬಹುದು ಎಂಬುದರ ಅಳತೆಯೂ ಹೌದು. ಜಗಲಿಯನ್ನೂ ಏರಲಾಗದೆ ಅಂಗಳದಲ್ಲಿ ನಿಂತವರ ಮನೆಗಳು ಊರ ಹೊರಗಿದ್ದವು. ಕೂಲಿಕಾರರ, ದಲಿತರ ಆ ಮನೆಗಳಲ್ಲಿ ಹಲವು ಒಂದೇ ಅಂಕಣದವು. ಒಂಬತ್ತು ಅಡಿ ಚೌಕವೆಂದರೆ 81 ಚದರ ಅಡಿ, ಅಂದರೆ ಸುಮಾರು ಏಳೂವರೆ ಚದರ ಮೀಟರು. ಅಷ್ಟರಲ್ಲಿಯೇ ಒಲೆಯ ಮೂಲೆ, ನೀರಿನ ಗಡಿಗೆಯ ಜಾಗ, ಬೀಸುವ ಕಲ್ಲಿನ ಜಾಗ, ದೇವರ ಗೂಡು, ಬಾಣಂತಿಗೆ ಸೀರೆ ಕಟ್ಟಿ ಮಾಡಿದ ಮರೆ. ಗೋಡೆಗಳಿಲ್ಲದೆಯೂ ಪ್ರತಿ ಮೂಲೆಗೆ ಹೆಸರಿತ್ತು, ಕೆಲಸವಿತ್ತು.

ಪಾಲಿನ ಲೆಕ್ಕ

ಅಣ್ಣತಮ್ಮಂದಿರು ಬೇರೆಯಾದಾಗ ಹೊಲ ಎಕರೆ ಗುಂಟೆಗಳಲ್ಲಿ ಭಾಗವಾದರೆ ಮನೆ ಅಂಕಣಗಳಲ್ಲಿ ಭಾಗವಾಗುತ್ತಿತ್ತು. ಪಡಸಾಲೆಯ ನಡುವೆ ಗೋಡೆ ಎದ್ದು, ಒಂದು ಒಲೆ ಎರಡಾಗಿ, ಹಿತ್ತಿಲ ಕಡೆಗೆ ಹೊಸ ಬಾಗಿಲು ತೆರೆಯುತ್ತಿತ್ತು. ತೊಲೆಗಳ ಸಾಲು ಮೊದಲೇ ಎಲ್ಲೆಯನ್ನು ತೋರಿಸುತ್ತಿದ್ದುದರಿಂದ ಈ ವಿಭಜನೆಗೆ ಅಂಕಣ ಹೇಳಿಮಾಡಿಸಿದಂಥ ಮಾನವಾಗಿತ್ತು. ಆದರೆ ಈ ಲೆಕ್ಕದಲ್ಲಿ ಹೆಣ್ಣುಮಕ್ಕಳಿಗೆ ಎಣಿಕೆಯಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 23ನೆಯ ಕಲಮು, ಕುಟುಂಬವೇ ಪೂರ್ತಿಯಾಗಿ ವಾಸಿಸುತ್ತಿರುವ ಮನೆಯಲ್ಲಿ ಗಂಡು ವಾರಸುದಾರರು ತಮ್ಮ ಪಾಲನ್ನು ಬೇರೆ ಮಾಡಿಕೊಳ್ಳುವವರೆಗೆ ಹೆಣ್ಣು ವಾರಸುದಾರರು ವಿಭಾಗ ಕೇಳುವಂತಿಲ್ಲವೆಂದು ವಿಧಿಸಿತ್ತು. ಕರ್ನಾಟಕ 1994ರಲ್ಲಿಯೇ ತಿದ್ದುಪಡಿಯ ಮೂಲಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಹಭಾಗಿತ್ವ ನೀಡಿತು. 23ನೆಯ ಕಲಮು ರದ್ದಾದುದು 2005ರ ಕೇಂದ್ರ ತಿದ್ದುಪಡಿಯಲ್ಲಿ. ಮನೆಯೊಳಗಿನ ಅಂಕಣವನ್ನು ತನ್ನದೆಂದು ಬೇರ್ಪಡಿಸಿ ಕೇಳುವ ಹಕ್ಕು ಹೆಣ್ಣಿಗೆ ಬರುವ ಹೊತ್ತಿಗೆ ಅಂಕಣದ ಮನೆಗಳೇ ಅಳಿಯತೊಡಗಿದ್ದವು.

ಕೊಠಡಿಯ ಆಗಮನ

ಈ ಬದಲಾವಣೆ ಒಂದೇ ಕಾರಣದಿಂದ ಆದುದಲ್ಲ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿತು. ಮಂಗಳೂರು ಹೆಂಚು ಒಳನಾಡಿಗೂ ತಲಪಿದಂತೆ ಮಣ್ಣಿನ ಮಾಳಿಗೆಯ ಭಾರ ಇಳಿದು, ನಡುವೆ ಕಂಬವಿಲ್ಲದ ಕೋಣೆ ಸುಲಭವಾಯಿತು. 1898ರಲ್ಲಿ ಬೆಂಗಳೂರಿನಲ್ಲಿ ಪ್ಲೇಗು ಹರಡಿದಾಗ ಇಕ್ಕಟ್ಟಾದ, ಗಾಳಿಯಾಡದ ಮನೆಗಳು ಆಡಳಿತದ ಚಿಂತೆಗೆ ವಿಷಯವಾದವು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ನೇರ ಬೀದಿ ಮತ್ತು ಅಳೆದ ನಿವೇಶನಗಳ ಹೊಸ ಮಾದರಿಯನ್ನು ಮುಂದಿಟ್ಟವು. ಕಾಲಕ್ರಮದಲ್ಲಿ ಇಪ್ಪತ್ತು ಮೂವತ್ತು, ಮೂವತ್ತು ನಲವತ್ತು, ನಲವತ್ತು ಅರವತ್ತು ಎಂಬ ಅಡಿಗಳ ಲೆಕ್ಕವೇ ನಗರದ ಮನೆಯ ಪರಿಭಾಷೆಯಾಯಿತು. ಮೊದಲು ತೊಲೆ ಒಳಗಿನಿಂದ ಮನೆಯನ್ನು ಬೆಳೆಸುತ್ತಿತ್ತು. ಈಗ ನಿವೇಶನ ಹೊರಗಿನಿಂದ ಮನೆಯನ್ನು ಕತ್ತರಿಸತೊಡಗಿತು. ಸಿಮೆಂಟು, ಕಬ್ಬಿಣ, ತಾರಸಿಗಳು ಹಳ್ಳಿಯನ್ನು ಮುಟ್ಟಿದಾಗ ‘ಹತ್ತು ಹತ್ತರ ರೂಮು’ ಅಲ್ಲಿಗೂ ಬಂತು.

ಹತ್ತು ಹತ್ತು ಎಂಬ ಈ ಅಳತೆ ಪೂರ್ತಿ ಪರಕೀಯವಲ್ಲ. ಹತ್ತು ಅಡಿ ಚೌಕ 9.29 ಚದರ ಮೀಟರು. 1970ರಲ್ಲಿ ಮೊದಲು ಪ್ರಕಟವಾಗಿ ಮುಂದೆ ಪರಿಷ್ಕರಣೆಗೊಂಡ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೊಠಡಿಗೆ ಕನಿಷ್ಠ 9.5 ಚದರ ಮೀಟರು ವಿಸ್ತೀರ್ಣ, 2.4 ಮೀಟರು ಅಗಲ ಇರಬೇಕೆನ್ನುತ್ತದೆ. ಎರಡು ಕೊಠಡಿಗಳಿದ್ದರೆ ಎರಡನೆಯದು 7.5 ಚದರ ಮೀಟರು ಇರಬಹುದು. ಏಳು ಮೊಳ ಚೌಕದ ಧ್ವಜಾಯದ ಅಳತೆ ಹತ್ತೂವರೆ ಅಡಿ ಚೌಕ, ಅಂದರೆ 10.24 ಚದರ ಮೀಟರು. ಆರು ಮೊಳದ ಅಂಕಣ ಏಳೂವರೆ ಚದರ ಮೀಟರು. ಮಲಗುವ, ಕೂರುವ, ನಡೆದಾಡುವ ಮನುಷ್ಯ ದೇಹ ಒಂದೇ ಆದುದರಿಂದ ಹಳೆಯ ಮೊಳವೂ ಹೊಸ ಸಂಹಿತೆಯೂ ಹತ್ತಿರ ಹತ್ತಿರದ ಅಂಕೆಗಳಿಗೇ ಬಂದು ನಿಂತಿವೆ. ಹೀಗಾಗಿ ಬದಲಾದುದು ಗಾತ್ರಕ್ಕಿಂತ ಹೆಚ್ಚಾಗಿ ಎಣಿಕೆಯ ಕ್ರಮ.

ಜನಗಣತಿಯ ನಿರೂಪಣೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 2001 ಮತ್ತು 2011ರ ಗಣತಿಗಳ ಪ್ರಕಾರ ವಾಸದ ಕೊಠಡಿಯೆಂದರೆ ನಾಲ್ಕು ಗೋಡೆ, ಬಾಗಿಲು, ಮಾಡು ಉಳ್ಳ, ಕನಿಷ್ಠ 2 ಮೀಟರು ಉದ್ದ, 1.5 ಮೀಟರು ಅಗಲ, 2 ಮೀಟರು ಎತ್ತರದ ಸ್ಥಳ. ಅಡುಗೆಮನೆ, ಬಚ್ಚಲು, ಉಗ್ರಾಣ, ಓಣಿ, ಜಗಲಿಗಳು ಸಾಮಾನ್ಯವಾಗಿ ಈ ಎಣಿಕೆಗೆ ಸೇರುವುದಿಲ್ಲ. ಅಂದರೆ ಹೆಂಗಸರು ದಿನವಿಡೀ ದುಡಿದ ಸ್ಥಳವೂ, ಮುದುಕರು ದಿನವಿಡೀ ಕುಳಿತ ಸ್ಥಳವೂ, ಕಾಳು ತುಂಬಿದ ಸ್ಥಳವೂ ಲೆಕ್ಕದಿಂದ ಹೊರಗೆ. ಜಗಲಿ, ತೆರೆದ ಪಡಸಾಲೆ, ಹಕ್ಕೆ, ಅಡುಗೆಮನೆಗಳೊಂದಿಗೆ ಒಂದೇ ಒಂದು ಮುಚ್ಚಿದ ಕೋಣೆಯಿರುವ ಐದು ಅಂಕಣದ ಮನೆಯೂ, ಊರ ಹೊರಗಿನ ಒಂದಂಕಣದ ಮನೆಯೂ ಈ ಎಣಿಕೆಯಲ್ಲಿ ಸಮಾನವಾಗಿ ಒಂದು ಕೊಠಡಿಯ ಮನೆಗಳಾಗಿ ಕಾಣಬಹುದು.

ವಸತಿ ಯೋಜನೆಗಳು ಅನುಸರಿಸಿದುದೂ ಕೊಠಡಿಯ ಎಣಿಕೆಯನ್ನೇ. 2016ರಲ್ಲಿ ಜಾರಿಗೆ ಬಂದ ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆ, ವಸತಿಹೀನರ ಜೊತೆಗೆ ಕಚ್ಚಾ ಗೋಡೆ, ಕಚ್ಚಾ ಮಾಡಿನ, ಕೊಠಡಿಯಿಲ್ಲದ ಅಥವಾ ಒಂದೆರಡು ಕೊಠಡಿಗಳ ಮನೆಯವರನ್ನು ಫಲಾನುಭವಿಗಳೆಂದು ಗುರುತಿಸಿ, ಮನೆಯ ಕನಿಷ್ಠ ಗಾತ್ರವನ್ನು 20ರಿಂದ 25 ಚದರ ಮೀಟರಿಗೆ ಏರಿಸಿತು. ಇಪ್ಪತ್ತೈದು ಚದರ ಮೀಟರೆಂದರೆ ಮೂರು ಅಂಕಣಕ್ಕೂ ತುಸು ಹೆಚ್ಚು. ಒಂದಂಕಣದಲ್ಲಿ ಬಾಳಿದ ಕುಟುಂಬಕ್ಕೆ ಇದು ನಿಜವಾದ ಏರಿಕೆ; ಸೋರದ ಮಾಡು, ಕುಸಿಯದ ಗೋಡೆಗಳ ಬೆಲೆ ಅಲ್ಲಿ ಇದ್ದವರಿಗೇ ಗೊತ್ತು. ಆದರೆ ಈ ಅಳತೆಯಲ್ಲಿ ಹಕ್ಕೆಗೆ, ಜಗಲಿಗೆ, ಸುಗ್ಗಿಯ ರಾಶಿಗೆ ಎಡೆಯಿಲ್ಲ. ಹೊಸ ಮನೆಯ ಮುಂದೆ ತಗಡಿನ ಚಪ್ಪರ ಇಳಿಸಿ, ಪಕ್ಕದಲ್ಲಿ ಕಟ್ಟೆ ಹಾಕಿ ಜನ ಮಾಡಿಕೊಳ್ಳುವ ಏರ್ಪಾಡು ಕಳೆದುಹೋದ ಪಡಸಾಲೆಯನ್ನು ಮರಳಿ ಪಡೆಯುವ ಯತ್ನವೆಂದೇ ತಿಳಿಯಬೇಕು.

ಒಟ್ಟಿನಲ್ಲಿ, ಹಳೆಯ ಮನೆಯ ಒಂದು ಭಾಗದ ಅಳತೆ ಮೂರು ಸಂಗತಿಗಳನ್ನು ಒಟ್ಟಿಗೆ ಹೇಳುತ್ತಿತ್ತು: ಮರ ಎಷ್ಟು ಹೊರಬಲ್ಲದು, ದೇಹಕ್ಕೆ ಎಷ್ಟು ಬೇಕು, ಮನೆಯವನಿಗೆ ಎಷ್ಟು ಪಾಲು. ಕೊಠಡಿಯ ಎಣಿಕೆ ಇವುಗಳಲ್ಲಿ ಎರಡನೆಯದನ್ನು ಮಾತ್ರ ಉಳಿಸಿಕೊಂಡಿದೆ. ಹೊಸ ಮನೆಗೆ ಜಾಗ ಮಾಡಲು ಬಹಳ ಕಡೆ ಮೊದಲು ಕೆಡವುವುದು ಹಳೆಯ ಚಿಕ್ಕ ಮನೆಯನ್ನೇ. ತೊಟ್ಟಿಮನೆಗೆ ಛಾಯಾಚಿತ್ರಗಳಿವೆ, ಸಂಗ್ರಹಾಲಯಗಳಿವೆ, ಅಭಿಮಾನಿಗಳಿದ್ದಾರೆ. ಒಂದಂಕಣದ ಮನೆಗೆ ‘ಕಚ್ಚಾ’ ಎಂಬ ಒಂದು ಮಾತಿನ ಹೊರತು ದಾಖಲೆಯಿಲ್ಲ. ಜಾನಪದ ಕ್ಷೇತ್ರಕಾರ್ಯ ಇನ್ನು ಮುಂದೆ ಹಾಡು ಕಥೆಗಳನ್ನು ಸಂಗ್ರಹಿಸುವಾಗ, ಅವುಗಳನ್ನು ಹೇಳಿದವರ ಮನೆಯ ಅಂಕಣಗಳೆಷ್ಟು, ಮೊಳ ಮತ್ತು ಅಡಿಗಳಲ್ಲಿ ಅದರ ಉದ್ದಗಲವೆಷ್ಟು, ಪ್ರತಿ ಮೂಲೆಯ ಹೆಸರೇನು, ಯಾವ ಕಾಲದಲ್ಲಿ ಯಾರು ಎಲ್ಲಿ ಮಲಗುತ್ತಿದ್ದರು, ಯಾರಿಗೆ ಎಲ್ಲಿಯವರೆಗೆ ಪ್ರವೇಶವಿತ್ತು ಎಂಬುದನ್ನೂ ಬರೆದಿಡುವುದು ಅಗತ್ಯ. ಅಳತೆಯ ಹಗ್ಗ ಮತ್ತು ಒಂದು ಹಾಳೆ ಇದಕ್ಕೆ ಸಾಕು. ಆ ಮನೆಗಳಲ್ಲಿ ಹುಟ್ಟಿ ಬೆಳೆದವರು ಇನ್ನೂ ಇದ್ದಾರೆ. ನೆಲ ಸಮವಾದ ಮೇಲೂ ಒಲೆಯ ಮೂಲೆ ಎಲ್ಲಿತ್ತೆಂದು ಅವರು ಕೈತೋರಿಸಿ ಹೇಳಬಲ್ಲರು.